ಹತ್ತು ಯೆನ್‌ಗೆ ಶಿಂಕನ್‌ಸೆನ್

ಆಟದ ಮಶೀನಿಗೆ ದುಡ್ಡು ಹಾಕಿದ್ರೆ ಆ ದುಡ್ಡು ಹೋಯ್ತು ಅಂತಾನೇ ಲೆಕ್ಕ. ಠಣ್ ಅಂತ ಒಳಗೆ ಬಿತ್ತು, ಆಮೇಲೆ ಅದು ಯಾವ ಡಬ್ಬಿಯಲ್ಲಿ ಕೂತಿದ್ರೆ ನಮಗೇನು, ಕಣ್ಣೆಲ್ಲ ಚೆಂಡಿನ ಮೇಲೋ ಸ್ಕ್ರೀನಿನ ಮೇಲೋ ಇರುತ್ತೆ. ಆದ್ರೆ 1970ರ ದಶಕದ ಜಪಾನಿನಲ್ಲಿ ಒಂದು ಜಾತಿ ಮಶೀನುಗಳಿದ್ವು, ಅವುಗಳಲ್ಲಿ ನೀವು ಹಾಕಿದ ಹತ್ತು ಯೆನ್ ನಾಣ್ಯ ಎಲ್ಲೂ ಮಾಯ ಆಗ್ತಿರ್ಲಿಲ್ಲ. ಗಾಜಿನ ಹಿಂದೆ, ಕಣ್ಣೆದುರಿಗೇ, ಅದೇ ಓಡ್ತಿತ್ತು. ಟಿಕೆಟ್ ದುಡ್ಡೂ ಅದೇ, ಆಟದ ಕಾಯಿನೂ ಅದೇ, ತೂತಿಗೆ ಬಿದ್ರೆ ಸತ್ತಿದ್ದೂ ಅದೇ.

ಈ ಮಶೀನುಗಳ ಹುಚ್ಚು ನನಗೆ ಹಿಡಿದಿದ್ದು ಟೋಕಿಯೋದ ಇತಾಬಾಶಿಯಲ್ಲಿ. ಅಲ್ಲಿ ಒಂದು ಹಳೇ ಅಂಗಡಿ ಬೀದಿಯಲ್ಲಿ ದಗಾಶಿಯಾ ಗೇಮ್ ಮ್ಯೂಸಿಯಂ ಅಂತ ಒಂದು ಪುಟ್ಟ ಜಾಗ ಇದೆ, 2009ರಲ್ಲಿ ಶುರುವಾಗಿದ್ದು. ಮ್ಯೂಸಿಯಂ ಅಂದ್ರೆ ಗಾಜಿನ ಪೆಟ್ಟಿಗೆ, ಮುಟ್ಟಬೇಡಿ ಅನ್ನೋ ಬೋರ್ಡು, ಮೂಲೆಯಲ್ಲಿ ತೂಕಡಿಸೋ ವಾಚ್‌ಮನ್ ಅಂತ ಅಂದ್ಕೋಬೇಡಿ, ಇಲ್ಲಿ ಇರೋದೆಲ್ಲ ಮುಟ್ಟೋಕೇ ಇರೋದು, ಟಿಕೆಟ್ ಜೊತೆಗೇ ಆಡೋಕೆ ಅಂತ ಒಂದಿಷ್ಟು ಮೆಡಲ್, ಅಂದ್ರೆ ನಾಣ್ಯದ ಬದಲು ಹಾಕೋ ಬಿಲ್ಲೆ, ಕೈಗೆ ಕೊಡ್ತಾರೆ. ಚಿಕ್ಕ ವಯಸ್ಸಿನಿಂದ ಈ ಮಶೀನುಗಳ ಹಿಂದೆ ಬಿದ್ದ ಒಬ್ಬ ಮನುಷ್ಯ ಕಷ್ಟಪಟ್ಟು ಕೂಡಿಹಾಕಿದ ಸಾಮಾನು ಅದು. ದಗಾಶಿಯಾ ಅಂದ್ರೆ ಚಿಲ್ಲರೆ ಕಾಸಿಗೆ ಮಿಠಾಯಿ, ಚಿಪ್ಸು, ಬಬಲ್ ಗಮ್ಮು ಮಾರೋ ಮಕ್ಕಳ ಅಂಗಡಿ, ಸಾಮಾನ್ಯವಾಗಿ ಸ್ಕೂಲಿನ ಹತ್ತಿರ ಇರುತ್ತೆ, ಬಹಳ ಸಲ ಒಬ್ಬ ಅಜ್ಜಿ ನಡೆಸ್ತಿರ್ತಾರೆ.

ಈಗ ಮಶೀನಿನ ವಿಷಯ. ಇದ್ದಿದ್ರಲ್ಲಿ ಹೆಸರು ಮಾಡಿದ್ದು "ಶಿಂಕನ್‌ಸೆನ್ ಗೇಮ್", ಕೋಬೆ ಊರಿನ ಕೊಮಾಯಾ ಅನ್ನೋ ಕಂಪನಿಯದ್ದು. ನಿಂತ ಬೀರುವಿನ ಥರ ಒಂದು ಪೆಟ್ಟಿಗೆ, ಎದುರಿಗೆ ಗಾಜು, ಗಾಜಿನ ಹಿಂದೆ ಬಣ್ಣಬಣ್ಣದ ಚಿತ್ರ, ಶಿಂಕನ್‌ಸೆನ್ ಅನ್ನೋ ಬುಲೆಟ್ ಟ್ರೇನು, ಸ್ಟೇಷನ್ ಹೆಸರುಗಳು. ಮೇಲ್ಗಡೆ ಸೀಳಿನಲ್ಲಿ ನಾಣ್ಯ ಹಾಕಿದ್ರೆ ಅದು ಮಲಗಲ್ಲ, ಅಂಚಿನ ಮೇಲೆ ನಿಂತ್ಕೊಂಡೇ ಉರುಳ್ಕೊಂಡು ಬಂದು ಮೊದಲನೇ ಲಿವರ್ ಎದುರಿಗೆ ನಿಲ್ಲುತ್ತೆ. ಲಿವರ್ ಹಿಂದೆ ಒಂದು ಸ್ಪ್ರಿಂಗು. ಎಳೆದು ಬಿಟ್ರೆ ನಾಣ್ಯದ ಬೆನ್ನಿಗೆ ಪಟ್ ಅಂತ ಏಟು ಬಿದ್ದು ಅದು ಹಳಿ ಮೇಲೆ ಆ ಕಡೆ ಓಡುತ್ತೆ. ದಾರಿಯಲ್ಲಿ ತೂತು ಇದೆ. ಮೆಲ್ಲಗೆ ಹೊಡೆದ್ರೆ ತೂತು ದಾಟಲ್ಲ, ಜೋರಾಗಿ ಹೊಡೆದ್ರೆ ಆ ಕಡೆ ಗೋಡೆಗೆ ಬಡಿದು ವಾಪಸ್ ಬಂದು ಅದೇ ತೂತಿಗೆ ಬೀಳುತ್ತೆ. ಸರಿಯಾಗಿ ಹೊಡೆದ್ರೆ ಮಾತ್ರ ಆ ಕಡೆ ಕೂತು, ಅಲ್ಲಿಂದ ಮುಂದಿನ ಲಿವರ್, ಈಗ ಎಡದಿಂದ ಬಲಕ್ಕೆ. ಹೀಗೇ ಎಡ, ಬಲ, ಎಡ, ಬಲ, ಒಂದೊಂದು ಮೆಟ್ಟಿಲು ಇಳೀತಾ ಟೋಕಿಯೋದಿಂದ ಪಶ್ಚಿಮಕ್ಕೆ ಪ್ರಯಾಣ. ಕೊನೇ ಸ್ಟೇಷನ್ ಮುಟ್ಟಿದ್ರೆ ಬಹುಮಾನದ ಚೀಟಿ, ಚೀಟಿ ಕೊಟ್ರೆ ಅಂಗಡಿಯಲ್ಲಿ ತಿಂಡಿ.

ಕೇಳೋಕೆ ಬಹಳ ಸುಲಭ ಅನ್ಸುತ್ತೆ. ನನ್ ಹೆಂಡ್ತಿ ಪಕ್ಕದಲ್ಲಿ ನಿಂತು "ಏನ್ರೀ ಇದು, ಹತ್ತು ಯೆನ್ ಆಟಕ್ಕೆ ಇಷ್ಟು ಬೆವರು ಸುರಿಸ್ತಿದ್ದೀರಲ್ಲ" ಅಂತ ನಕ್ಕಳು, ಆಮೇಲೆ ಅವಳ ಸರದಿ ಬಂದಾಗ ಮೂರನೇ ಲಿವರಲ್ಲೇ ನಾಣ್ಯ ಗುಳುಂ. ಪ್ರತಿ ಲಿವರಿನ ಸ್ಪ್ರಿಂಗಿಗೂ ಅದರದ್ದೇ ಬಿಗಿ ಇರುತ್ತೆ, ಒಂದು ಮೊಂಡು, ಇನ್ನೊಂದು ಮುಟ್ಟಿದ್ರೆ ಸಾಕು ಹಾರಿಸುತ್ತೆ. ಹೆಬ್ಬೆರಳಿನ ತುದಿಗೆ ಒಂದು ಲೆಕ್ಕ ಸಿಗೋವರೆಗೂ ಮಶೀನು ಗೆಲ್ತಾನೇ ಇರುತ್ತೆ, ಲೆಕ್ಕ ಸಿಕ್ಕಿತು ಅನ್ನೋ ಹೊತ್ತಿಗೆ ಮುಂದಿನ ಲಿವರ್ ಬೇರೆ ಭಾಷೆ ಮಾತಾಡುತ್ತೆ. ಅಷ್ಟು ಹೊತ್ತೂ ಗಾಜಿನ ಹಿಂದೆ ನಿಮ್ಮದೇ ದುಡ್ಡು ಓಡ್ತಿರುತ್ತೆ ಅನ್ನೋದೇ ಇದರ ಖಾರ. ಚೆಂಡು ತೂತಿಗೆ ಬಿದ್ರೆ ಆಟ ಸೋತ್ವಿ ಅನ್ಸುತ್ತೆ. ನಾಣ್ಯ ಬಿದ್ರೆ ಜೇಬು ತೂತಾದ ಹಾಗೆ ಅನ್ಸುತ್ತೆ, ಮೊತ್ತ ಎಷ್ಟೇ ಚಿಕ್ಕದಾದ್ರೂ.

ಈ ಐಡಿಯಾ 1970ರಲ್ಲಿ ಹುಟ್ಟಿದ್ದೇನಲ್ಲ. ಎರಡನೇ ಮಹಾಯುದ್ಧಕ್ಕೂ ಮುಂಚಿನ ಜಪಾನಿನಲ್ಲಿ "ಇಸ್ಸೆನ್ ಪಾಚಿಂಕೋ" ಅಂತ ಇತ್ತು, ಒಂದು ಸೆನ್ ಅಂದ್ರೆ ಯೆನ್ನಿನ ನೂರನೇ ಒಂದು ಭಾಗ, ಆ ತಾಮ್ರದ ಕಾಸನ್ನೇ ಗೋಡೆಗೆ ನಿಲ್ಲಿಸಿದ ಹಲಗೆಯಲ್ಲಿ ಮೊಳೆಗಳ ನಡುವೆ ಚಿಮ್ಮಿಸೋದು, ಗೆದ್ರೆ ಮಿಠಾಯಿ. ಅದಕ್ಕೂ ಹಿಂದಿನ ನೆಂಟರು ಯುರೋಪಿನಲ್ಲಿದ್ರು, ಆಲ್‌ವಿನ್ ಅಂತ ಇಂಗ್ಲೆಂಡಿನ ಕಡಲತೀರದ ಊರುಗಳಲ್ಲಿ ಗೋಡೆಗೆ ನೇತುಹಾಕಿದ ಪೆಟ್ಟಿಗೆಗಳು, ಅಲ್ಲಿ ಪೆನ್ನಿ ಹಾಕಿದ್ರೆ ಗುಂಡು ಸಿಗ್ತಿತ್ತು, ಗುಂಡನ್ನ ಸುರುಳಿಯಲ್ಲಿ ಹಾರಿಸ್ತಿದ್ರು. ಜಪಾನಿನಲ್ಲಿ ದುಡ್ಡನ್ನೇ ಆಡಿಸೋದು ಜೂಜಿಗೆ ಬಹಳ ಹತ್ತಿರ ಬಂತು ಅಂತ ಅಧಿಕಾರಿಗಳ ಕಣ್ಣು ಕೆಂಪಾಗಿ, ನಾಣ್ಯದ ಜಾಗಕ್ಕೆ ಲೋಹದ ಗುಂಡು ಬಂತು. ಆ ಗುಂಡಿನ ದಾರಿ ಹಿಡಿದು ಹೋದದ್ದು ಯುದ್ಧದ ಸಮಯದಲ್ಲಿ ನಿಂತು, ಯುದ್ಧ ಮುಗಿದ ಮೇಲೆ ನಗೋಯಾದಲ್ಲಿ ಮಸಮುರಾ ತಾಕೇಇಚಿ ಅನ್ನೋರು ಮೊಳೆಗಳ ಜೋಡಣೆಯನ್ನೇ ಬದಲಾಯಿಸಿದ ಮೇಲೆ ಇಡೀ ದೇಶ ತುಂಬಿಕೊಳ್ತು. ಇವತ್ತು ಜಪಾನಿನಲ್ಲಿ ಪಾಚಿಂಕೋ ಅಂತ ಗುಂಡು ಹಾರಿಸೋ ಜೂಜಿನಂಥ ಆಟ ನೋಡ್ತೀವಲ್ಲ, ಅದೇ ಇದು, ಸದ್ದೋ ಸದ್ದು, ಹದಿನೆಂಟು ದಾಟಿದವರಿಗೆ ಮಾತ್ರ. ಅಂದ್ರೆ ಗುಂಡು ದೊಡ್ಡವರ ಕಡೆ ಹೋಯ್ತು, ಕಾಸು ಚಿಮ್ಮಿಸೋ ಆಟ ಮಕ್ಕಳ ಕಡೆ ಉಳೀತು. ತಲೆಕೆಳಗಾಗಿದೆ ಅಲ್ವಾ, ನಿಜವಾದ ದುಡ್ಡು ಆಡಿಸ್ತಿದ್ದದ್ದು ಪ್ರೈಮರಿ ಸ್ಕೂಲಿನ ಮಕ್ಕಳು!

ಮಕ್ಕಳ ಆಟಗಳಿಗೆ ಇದ್ದ ಇನ್ನೊಂದು ಜಾಗ ಡಿಪಾರ್ಟ್‌ಮೆಂಟ್ ಸ್ಟೋರಿನ ತಾರಸಿ. ಅಸಾಕುಸಾದ ಮತ್ಸುಯಾ ಅಂಗಡಿಯ ತಾರಸಿ ಮೇಲೆ 1931ರಲ್ಲೇ ಆಟದ ಪಾರ್ಕು ಶುರುವಾಗಿತ್ತು. ಅಪ್ಪ ಅಮ್ಮ ಕೆಳಗೆ ಬಟ್ಟೆ ನೋಡೋದು, ಮಕ್ಕಳು ಮೇಲೆ ಮಶೀನ್ ಕುದುರೆ ಮೇಲೆ ಕೂರೋದು. ಆಮೇಲೆ ನಮ್ಕೋ ಅಂತ ಹೆಸರಾದ ವಿಡಿಯೋ ಗೇಮ್ ಕಂಪನಿ ಕೂಡ 1955ರಲ್ಲಿ ಶುರುವಾಗಿದ್ದು ಯೊಕೊಹಾಮಾದ ಒಂದು ಅಂಗಡಿ ತಾರಸಿ ಮೇಲೆ ಎರಡು ಕುದುರೆ ಇಟ್ಟು, ಪ್ಯಾಕ್‌ಮನ್ ಎಲ್ಲ ಬಹಳ ಆಮೇಲಿನ ಮಾತು. ತಾರಸಿಯ ಕಾಲ ಕೆಟ್ಟ ರೀತಿಯಲ್ಲಿ ಮುಗೀತಾ ಬಂತು. 1972ರ ಮೇ ತಿಂಗಳಲ್ಲಿ ಒಸಾಕಾದ ಸೆನ್ನಿಚಿ ಕಟ್ಟಡಕ್ಕೆ ಬೆಂಕಿ ಬಿದ್ದು 118 ಜನ ಸತ್ರು, ಮುಂದಿನ ವರ್ಷ ಕುಮಾಮೊತೊದಲ್ಲಿ ಇನ್ನೊಂದು, ಅಲ್ಲೂ ನೂರಕ್ಕೂ ಹೆಚ್ಚು. ಆಮೇಲೆ ನಿಯಮ ಬಿಗಿಯಾಯ್ತು, ತಾರಸಿ ಅಂದ್ರೆ ಜನ ತಪ್ಪಿಸಿಕೊಳ್ಳೋಕೆ ಖಾಲಿ ಬಿಡಬೇಕಾದ ಜಾಗ, ಆಟದ ಸಾಮಾನು ತುಂಬೋ ಜಾಗ ಅಲ್ಲ. ಅಸಾಕುಸಾದ ಆ ತಾರಸಿ 2010ರವರೆಗೂ ಹೇಗೋ ನಡೀತು.

ಆದ್ರೆ ನನಗೆ ಈ ಕಥೆಯಲ್ಲಿ ನಿಜವಾಗ್ಲೂ ಕುತೂಹಲ ಹುಟ್ಟಿಸಿದ್ದು ಮಶೀನಿಗಿಂತ ನಾಣ್ಯ.

ಹತ್ತು ಯೆನ್ ನಾಣ್ಯ ಒಂದನ್ನ ಕೈಯಲ್ಲಿ ಹಿಡಿದು ನೋಡಿ. ತಾಮ್ರದ ಬಣ್ಣ, ಒಂದು ಕಡೆ ಉಜಿ ಊರಿನ ಬ್ಯೋದೋ-ಇನ್ ದೇವಸ್ಥಾನದ ಫೀನಿಕ್ಸ್ ಹಾಲ್, ಕೂದಲೆಳೆಯಷ್ಟು ಸಣ್ಣ ಗೆರೆಗಳಲ್ಲಿ ಕೆತ್ತಿದ್ದು, ಇನ್ನೊಂದು ಕಡೆ ಎಲೆಗಳ ನಡುವೆ 10. ಅಗಲ 23.5 ಮಿಲಿಮೀಟರ್, ತೂಕ 4.5 ಗ್ರಾಂ. ಹೆಚ್ಚೂಕಮ್ಮಿ 95 ಭಾಗ ತಾಮ್ರ, ಉಳಿದದ್ದು ಸತು ಮತ್ತು ತವರ. ಹಳೇದಾದ್ರೆ ಕಂದು ಬಣ್ಣಕ್ಕೆ ತಿರುಗಿ ಮಂಕಾಗುತ್ತೆ, ಜಪಾನಿನ ಮಕ್ಕಳು ನಿಂಬೆರಸಾನೋ ಸಾಸೋ ಹಚ್ಚಿ ಉಜ್ಜಿ ಫಳಫಳ ಮಾಡ್ತಾರೆ, ನಾವು ಹುಣಸೆಹಣ್ಣಲ್ಲಿ ದೇವರ ಪಾತ್ರೆ ತಿಕ್ಕೋದೂ ಅದೇ ಕೆಮಿಸ್ಟ್ರಿ. 1951ರ ಇಸವಿಯಿಂದ 1958ರವರೆಗೆ ಮಾಡಿದ್ದಕ್ಕೆ ಅಂಚಿನಲ್ಲಿ ಗೀರುಗಳಿದ್ವು, ಅದನ್ನ ಗಿಜಾಜೂ ಅಂತಾರೆ, ನಡುವೆ 1956ರಲ್ಲಿ ಮಾಡ್ಲೇ ಇಲ್ಲ, 1959ರಿಂದ ಅಂಚು ನುಣ್ಣಗಾಯ್ತು. ಚಿಲ್ಲರೆಯಲ್ಲಿ ಗಿಜಾಜೂ ಸಿಕ್ರೆ ಈಗಲೂ ಎತ್ತಿಟ್ಕೊಳ್ಳೋರು ಇದ್ದಾರೆ, ನಮ್ಮ ಆಫೀಸಿನಲ್ಲೇ ಒಬ್ರು ಹಿರಿಯರು ಡ್ರಾಯರಿನಲ್ಲಿ ಒಂದು ಡಬ್ಬಿ ತುಂಬಾ ಇಟ್ಟಿದ್ದಾರೆ.

ಈಗ ಯೋಚನೆ ಮಾಡಿ. ಅಂಚಿನ ಗೀರು ಬಿಟ್ರೆ 1951ರಿಂದ ಇವತ್ತಿನವರೆಗೂ ಈ ನಾಣ್ಯದ ಅಗಲ ಬದಲಾಗಿಲ್ಲ, ತೂಕ ಬದಲಾಗಿಲ್ಲ, ಲೋಹವೂ ಬದಲಾಗಿಲ್ಲ. ಶಿಂಕನ್‌ಸೆನ್ ರೈಲೇ ಆಗಿನ್ನೂ ಹುಟ್ಟಿರ್ಲಿಲ್ಲ, ಅದು ಓಡಿದ್ದು 1964ರ ಅಕ್ಟೋಬರ್ 1ಕ್ಕೆ. ಅಂದ್ರೆ ಐವತ್ತು ವರ್ಷ ಹಳೇ ಮಶೀನಿಗೆ ಇವತ್ತು ಬೆಳಗ್ಗೆ ಟೀ ಅಂಗಡಿಯಲ್ಲಿ ಸಿಕ್ಕ ಚಿಲ್ಲರೆ ಹಾಕಿದ್ರೂ ಅದು ಮೊದಲಿನ ಹಾಗೇ ನಿಂತು, ಉರುಳಿ, ಲಿವರ್ ಎದುರಿಗೆ ಬಂದು ಕೂರುತ್ತೆ. ಇನ್ನೊಂದು ಅನುಕೂಲ ಏನಂದ್ರೆ, 1970ರ ದಶಕದಲ್ಲಿ ದಿನಬಳಕೆಯ ಚಿಲ್ಲರೆಯಲ್ಲಿ ಎಲ್ಲಕ್ಕಿಂತ ಅಗಲ ಇದ್ದದ್ದು ಇದೇ. ಒಂದು ಯೆನ್ ಅಲ್ಯೂಮಿನಿಯಂ, ಒಂದೇ ಗ್ರಾಂ, ಊದಿದ್ರೆ ಹಾರೋ ಹಾಗಿರುತ್ತೆ. ಐದಕ್ಕೂ ಐವತ್ತಕ್ಕೂ ನಡುವೆ ತೂತು. ನೂರು ಯೆನ್ 22.6 ಮಿಲಿಮೀಟರ್, ಅಗಲ ಕಮ್ಮಿ, ಮಕ್ಕಳ ಕೈಗೆ ಬಹಳ ದುಬಾರಿ ಬೇರೆ. ಉರುಳೋಕೆ, ಏಟು ತಿನ್ನೋಕೆ, ತೂತು ದಾಟೋಕೆ ತಕ್ಕ ಭಾರ, ಜೊತೆಗೆ ಮಕ್ಕಳ ಜೇಬಲ್ಲಿ ಯಾವಾಗ್ಲೂ ಇರೋದು, ಎರಡೂ ಒಂದೇ ನಾಣ್ಯದಲ್ಲಿ ಕೂಡಿಬಂದಿತ್ತು. ಆ ಕಾಲದ ಕೆಂಪು ಪಬ್ಲಿಕ್ ಫೋನುಗಳು ನುಂಗ್ತಿದ್ದದ್ದೂ ಹತ್ತು ಯೆನ್ನನ್ನೇ, ಹಾಗಾಗಿ ಎಲ್ಲರ ಜೇಬಲ್ಲೂ ಅದರ ಸದ್ದು.

ಇಂಗ್ಲೆಂಡಿನ ಪೆನ್ನಿ ಮಶೀನುಗಳಿಗೆ ಈ ಅದೃಷ್ಟ ಇರ್ಲಿಲ್ಲ. ಅಲ್ಲಿನ ಹಳೇ ಪೆನ್ನಿ ಸುಮಾರು 31 ಮಿಲಿಮೀಟರಿನ ದೊಡ್ಡ ಬಿಲ್ಲೆ, 1971ರ ಫೆಬ್ರವರಿ 15ಕ್ಕೆ ದೇಶ ದಶಮಾಂಶ ಲೆಕ್ಕಕ್ಕೆ ಬಂತು, ಅದೇ ಆಗಸ್ಟ್ ಕೊನೆಗೆ ಹಳೇ ಪೆನ್ನಿ ಚಲಾವಣೆಯಿಂದಲೇ ಹೋಯ್ತು. ಕಡಲತೀರದ ಮಶೀನುಗಳು ಕೆಟ್ಟಿರ್ಲಿಲ್ಲ, ತಿನ್ನೋಕೆ ಊಟ ಇರ್ಲಿಲ್ಲ ಅಷ್ಟೇ. ಈಗ ಅಲ್ಲಿ ಅಂಥ ಮಶೀನು ಆಡ್ಬೇಕಂದ್ರೆ ಮೊದಲು ಕೌಂಟರಿನಲ್ಲಿ ಹೊಸ ದುಡ್ಡು ಕೊಟ್ಟು ಹಳೇ ಪೆನ್ನಿ ತಗೋಬೇಕು. ನಮ್ಮ ಒಂದು ರೂಪಾಯಿಯ ಕಥೆ ಕೇಳ್ಲೇಬೇಡಿ, 1992ರ ಸ್ಟೀಲ್ ನಾಣ್ಯ 25 ಮಿಲಿಮೀಟರ್ ಇತ್ತು, 2011ಕ್ಕೆ 22ರ ಹತ್ತಿರ ಬಂತು, ರೈಲ್ವೆ ಸ್ಟೇಷನ್ನಿನ ತೂಕದ ಮಶೀನಿನವರಿಗೂ ಕಾಯಿನ್ ಬಾಕ್ಸ್ ಫೋನಿನವರಿಗೂ ಎಷ್ಟು ತಲೆನೋವಾಗಿರ್ಬೇಕು. ಬೆಂಗಳೂರಲ್ಲಿ ಯಾರಾದ್ರೂ ರೂಪಾಯಿ ಚಿಮ್ಮಿಸೋ ಮಶೀನು ಮಾಡಿದ್ರೆ ಹಳಿಯ ಅಗಲ ಇಷ್ಟು ಹೊತ್ತಿಗೆ ಎಷ್ಟು ಸಲ ಬದಲಾಯಿಸ್ಬೇಕಿತ್ತೋ.

ಆದ್ರೆ ನಾಣ್ಯ ಬದಲಾಗದೇ ಇದ್ದದ್ದು ಬರೀ ವರ ಆಗಿರ್ಲಿಲ್ಲ, ಅದೇ ಕುತ್ತಿಗೆಗೂ ಬಂತು. ಹೇಗೆ ಅಂದ್ರೆ, ಬೇರೆ ಮಶೀನಿನಲ್ಲಿ ರೇಟು ಜಾಸ್ತಿ ಮಾಡ್ಬೇಕಂದ್ರೆ ನಾಣ್ಯ ಗುರುತಿಸೋ ಸಣ್ಣ ಭಾಗ ಬದಲಾಯಿಸಿದ್ರೆ ಆಯ್ತು, ಇಲ್ಲಾಂದ್ರೆ ಎರಡು ನಾಣ್ಯ ಹಾಕಿ ಅಂತ ಬರೆದಿಟ್ರೆ ಆಯ್ತು. ಇಲ್ಲಿ ಹಳಿಯ ಅಗಲ, ತೂತಿನ ಅಳತೆ, ಸ್ಪ್ರಿಂಗಿನ ಬಿಗಿ, ಗಾಜಿಗೂ ಹಲಗೆಗೂ ನಡುವಿನ ಸಂದು, ಎಲ್ಲವೂ ಆ 4.5 ಗ್ರಾಂ ನಾಣ್ಯದ ಲೆಕ್ಕಕ್ಕೇ ಮಾಡಿದ್ದು. ಮಶೀನಿನ ಬೆಲೆಪಟ್ಟಿ ಕಾಗದದಲ್ಲಿಲ್ಲ, ಕಬ್ಬಿಣದಲ್ಲಿದೆ. ಎರಡು ನಾಣ್ಯ ಒಟ್ಟಿಗೆ ಚಿಮ್ಮಿಸೋಕಾಗುತ್ತಾ?

ಆಗಿದ್ದೂ ಹಾಗೇ. 1973ರ ತೈಲ ಬಿಕ್ಕಟ್ಟು ಬಂದು ಜಪಾನಿನಲ್ಲಿ ಎಲ್ಲದರ ಬೆಲೆ ಏರ್ತು, ಮಶೀನು ಹತ್ತರಲ್ಲೇ ನಿಂತಿತ್ತು. 1978ರಲ್ಲಿ ತೈತೋ ಕಂಪನಿ ಸ್ಪೇಸ್ ಇನ್ವೇಡರ್ಸ್ ಅನ್ನೋ ವಿಡಿಯೋ ಗೇಮ್ ಬಿಟ್ಟಿತು, ಆಟಕ್ಕೆ ನೂರು ಯೆನ್, ಜನ ಕಾಫಿ ಅಂಗಡಿಗಳ ಟೇಬಲ್ ಮೇಲೇ ಬಗ್ಗಿ ಕೂತು ಆಡಿದ್ರು. ಮಶೀನು ಬಾಡಿಗೆಗೆ ಇಡೋನ ಲೆಕ್ಕದಲ್ಲಿ ನೋಡಿ, ಒಂದು ಆಟಕ್ಕೆ ನೂರು ಎಲ್ಲಿ, ಹತ್ತು ಎಲ್ಲಿ, ನೆಲದ ಮೇಲೆ ಎರಡೂ ಹಿಡಿಯೋ ಜಾಗ ಹೆಚ್ಚೂಕಮ್ಮಿ ಒಂದೇ. 1983ರ ಜುಲೈನಲ್ಲಿ ಮನೆ ಟಿವಿಗೆ ಜೋಡಿಸಿ ಆಡೋ ಫ್ಯಾಮಿಕಾಮ್ ಬಂತು, 14,800 ಯೆನ್, ದುಬಾರಿ ನಿಜ, ಆದ್ರೆ ಒಂದು ಸಲ ಮನೆಗೆ ಬಂದ್ರೆ ಆಮೇಲೆ ಪ್ರತಿ ಆಟಕ್ಕೂ ಜೇಬಿಗೆ ಕೈ ಹಾಕ್ಬೇಕಾಗಿಲ್ಲ. 1989ರ ಏಪ್ರಿಲ್ 1ಕ್ಕೆ 3 ಪರ್ಸೆಂಟ್ ಕನ್ಸಂಪ್ಷನ್ ಟ್ಯಾಕ್ಸ್ ಬಂತು, ಹತ್ತು ಯೆನ್ನಿಗೆ ಮೂರು ಪರ್ಸೆಂಟ್ ಅಂದ್ರೆ 0.3 ಯೆನ್, ಅದನ್ನ ಯಾವ ಸೀಳಿನಲ್ಲಿ ಹಾಕೋದು? ಆಮೇಲೆ ಅದು 5 ಆಯ್ತು, 8 ಆಯ್ತು, 2019ಕ್ಕೆ 10. ಎಲ್ಲಾ ಮಶೀನಿನ ಯಜಮಾನನ ಜೇಬಿಂದಲೇ.

ಅದೇ ಅಂಗಡಿಯಲ್ಲಿ ಪಕ್ಕದಲ್ಲೇ ಡಬ್ಬಿಯಲ್ಲಿ ಕೂತಿದ್ದ ಉಮಾಯ್‌ಬೋ ಅನ್ನೋ ಕುರುಕಲು ಕಡ್ಡಿ ನೋಡಿ. 1979ರಲ್ಲಿ ಬಂತು, ಹತ್ತು ಯೆನ್. ನಲವತ್ತು ವರ್ಷಕ್ಕೂ ಹೆಚ್ಚು ಹಲ್ಲುಕಚ್ಚಿ ಹತ್ತರಲ್ಲೇ ಇತ್ತು, 2022ರ ಏಪ್ರಿಲ್‌ನಲ್ಲಿ 12 ಆದಾಗ ಜಪಾನಿನಲ್ಲಿ ದೊಡ್ಡ ಸುದ್ದಿಯಾಯ್ತು, ಕಂಪನಿಯವರು ಮುಂಚೆನೇ ಹೇಳ್ಕೊಂಡ್ರು, ಜನ ಪಾಪ ಅಂದ್ರು, ಮುಗೀತು, ಲೇಬಲ್ ಬದಲಾಯ್ತು. ತಿಂಡಿಗೆ ಆ ಎರಡು ಯೆನ್ನಿನ ಬಾಗಿಲಿತ್ತು. ಶಿಂಕನ್‌ಸೆನ್ ಗೇಮಿಗೆ ಆ ಬಾಗಿಲೇ ಇರ್ಲಿಲ್ಲ.

ಎಲ್ರೂ ಹೇಳೋ ಒಂದು ಮಾತಿದೆ, ವಿಡಿಯೋ ಗೇಮ್ ಬಂದು ಹಳೇ ಆಟಗಳನ್ನ ಕೊಂದ್ಹಾಕ್ತು ಅಂತ. ಅರ್ಧ ಸರಿ ಇರ್ಬಹುದು. ನನಗೇನೋ ಮಕ್ಕಳಿಗೆ ಬೇಜಾರಾಗಿದ್ದಕ್ಕಿಂತ ಲೆಕ್ಕ ಕೂಡದೇ ಹೋದದ್ದೇ ದೊಡ್ಡ ಕಾರಣ ಅನ್ಸುತ್ತೆ. ಯಾಕಂದ್ರೆ ಇತಾಬಾಶಿಯಲ್ಲಿ ನಾನು ನೋಡಿದ್ದು ನನ್ನ ಥರದ ನೆನಪಿನ ಗಿರಾಕಿಗಳನ್ನ ಮಾತ್ರ ಅಲ್ಲ. ಮೊಬೈಲಿನಲ್ಲಿ ಏನೇನೋ ಆಡೋ ಏಳೆಂಟು ವರ್ಷದ ಹುಡುಗ್ರು ಲಿವರ್ ಮುಂದೆ ಮೂಗು ಗಾಜಿಗೆ ಒತ್ಕೊಂಡು ನಿಂತಿದ್ರು, ಒಬ್ಬ ತೂತಿಗೆ ಬೀಳಿಸಿದಾಗ ಹಿಂದೆ ಕಾಯ್ತಿದ್ದೋನು ಅವನನ್ನ ಮೊಣಕೈಯಲ್ಲಿ ತಳ್ಳಿ ಮುಂದೆ ಬಂದ. ಅವರಿಗೆ ಇದು ಹಳೇದು ಅಂತಾನೇ ಅನ್ಸಿರ್ಲಿಲ್ಲ, ಬರೀ ಕಷ್ಟದ ಆಟ ಅನ್ಸಿತ್ತು.

ಉಳಿಸ್ಕೊಳ್ಳೋದೂ ಸುಲಭ ಇಲ್ಲ. ಮಶೀನು ನಿಂತ ನೆಲ ಸ್ವಲ್ಪ ಓರೆಯಾದ್ರೂ ನಾಣ್ಯ ಒಂದು ಕಡೆಗೆ ವಾಲುತ್ತೆ, ಆಗ ಎಡಗಡೆ ಲಿವರುಗಳೆಲ್ಲ ಸುಲಭ, ಬಲಗಡೆಯವೆಲ್ಲ ನರಕ. ಸ್ಪ್ರಿಂಗು ಸಡಿಲ ಆಗುತ್ತೆ. ಹಳಿಯಲ್ಲಿ ಧೂಳು ಕೂತ್ರೆ ನಾಣ್ಯ ಅರ್ಧದಲ್ಲೇ ನಿಂತುಬಿಡುತ್ತೆ. ಮಾಡಿದ ಕಂಪನಿಗಳು ಈ ಸಾಮಾನು ಮಾಡೋದು ಬಿಟ್ಟು ದಶಕಗಳಾಗಿರೋದ್ರಿಂದ ಬಿಡಿಭಾಗ ಬೇಕಂದ್ರೆ ಇನ್ನೊಂದು ಸತ್ತ ಮಶೀನಿಂದ ಬಿಚ್ಚಬೇಕು, ಇಲ್ಲಾಂದ್ರೆ ಕೈಯಾರೆ ಮಾಡ್ಕೋಬೇಕು.

ಇನ್ನೊಂದು ಹೊಸ ಫಜೀತಿ ಬೇರೆ ಸೇರಿಕೊಳ್ತು. 2022ರ ಜನವರಿಯಿಂದ ಜಪಾನಿನ ಪೋಸ್ಟ್ ಬ್ಯಾಂಕು ಕೌಂಟರಿನಲ್ಲಿ ಚಿಲ್ಲರೆ ನಾಣ್ಯ ಜಮಾ ಮಾಡೋಕೂ ಫೀ ಹಾಕ್ತು. ಐವತ್ತು ನಾಣ್ಯದವರೆಗೆ ಫ್ರೀ, 51ರಿಂದ 100ರವರೆಗೆ 550 ಯೆನ್. ಈಗ ಒಬ್ಬ ಅಂಗಡಿ ಅಜ್ಜಿ ತನ್ನ ಮಶೀನಿನ ಬೀಗ ತೆಗೆದು ನೂರು ಹತ್ತು ಯೆನ್ ನಾಣ್ಯ ಎಣಿಸಿ, ಚೀಲಕ್ಕೆ ಹಾಕಿ, ಬಸ್ಸು ಹತ್ತಿ ಬ್ಯಾಂಕಿಗೆ ಹೋದ್ರು ಅಂದ್ಕೊಳ್ಳಿ. ಸಾವಿರ ಯೆನ್ನಿನಲ್ಲಿ ಬ್ಯಾಂಕಿಗೆ 550, ಅಜ್ಜಿಗೆ 450, ಅದರಲ್ಲಿ ಬಹುಮಾನ ಕೊಟ್ಟ ತಿಂಡಿ ಖರ್ಚು ಕಳೀಬೇಕು, ಬಸ್ ಚಾರ್ಜೂ ಕಳೀಬೇಕು. ಎರಡು ವರ್ಷದ ಮೇಲೆ ಫ್ರೀ ಮಿತಿಯನ್ನ ನೂರು ನಾಣ್ಯಕ್ಕೆ ಏರಿಸಿದ್ರು, ಅಷ್ಟರ ಮಟ್ಟಿಗೆ ಪುಣ್ಯ. ಬುದ್ಧಿವಂತ ಅಂಗಡಿಯವರು ಮೊದಲಿಂದಲೂ ಮಾಡ್ತಿದ್ದದ್ದು ಒಂದೇ, ಮಶೀನಿಂದ ತೆಗೆದ ನಾಣ್ಯವನ್ನ ಗಲ್ಲಾಪೆಟ್ಟಿಗೆಗೆ ಸುರಿದು ಅದನ್ನೇ ಮಕ್ಕಳಿಗೆ ಚಿಲ್ಲರೆ ಕೊಡೋದು, ಮಕ್ಕಳು ಅದನ್ನೇ ತಿರುಗಿ ಮಶೀನಿಗೆ ಹಾಕೋದು. ಒಂದೇ ನಾಣ್ಯ ಅದೇ ಅಂಗಡಿಯೊಳಗೆ ಟೋಕಿಯೋದಿಂದ ಎಷ್ಟು ಸಲ ಹೊರಟಿತ್ತೋ.

ಹೋಗೋರಿಗೆ ಹೇಳ್ತೀನಿ, ತೋಯೇ ಮಿತಾ ಲೈನಿನಲ್ಲಿ ಇತಾಬಾಶಿ-ಹೊಂಚೋ ಸ್ಟೇಷನ್ನಿನಲ್ಲಿ ಇಳಿದ್ರೆ ನಡೆಯೋ ದೂರ, ತೆಗೆದಿರೋ ದಿನ ಯಾವುದು ಅಂತ ಮೊದಲೇ ನೋಡ್ಕೊಂಡು ಹೋಗಿ. ವಿಡಿಯೋ ಗೇಮ್ ಥರದ್ದೂ, ಲೈಟು ಮಿನುಗೋದೂ ಇನ್ನೂ ಏನೇನೋ ಇದೆ ಅಲ್ಲಿ, ಅವೆಲ್ಲ ಆಮೇಲೆ ಆಡ್ಕೊಳ್ಳಿ, ಮೊದಲು ಲಿವರಿನ ಮಶೀನಿನ ಮುಂದೆ ನಿಂತು ಮುಂಚಿನವರು ಆಡೋದನ್ನ ಸ್ವಲ್ಪ ಹೊತ್ತು ನೋಡಿ, ಯಾವ ಸ್ಪ್ರಿಂಗು ಎಷ್ಟು ಬಿಗಿ ಅಂತ ಫ್ರೀಯಾಗಿ ಗೊತ್ತಾಗುತ್ತೆ. ಮಶೀನನ್ನ ಮಾತ್ರ ಅಲ್ಲಾಡಿಸೋಕೆ ಹೋಗ್ಬೇಡಿ, ಅದಕ್ಕೆ ನಿಮ್ಮ ಅಪ್ಪನ ವಯಸ್ಸಾಗಿದೆ.